ಕಡತದಲ್ಲಿಲ್ಲದ ಮಾತು: ಸಯ್ದಿಯಾ ಹಾರ್ಟ್‌ಮನ್ ಅವರ ಕೃತಿಗಳನ್ನು ಕುರಿತು

ಪ್ರತಿಭೆಯು ಎರಡು ಬಗೆಯದು, ಕಾವ್ಯವನ್ನು ನಿರ್ಮಿಸುವ ಕಾರಯಿತ್ರಿ ಒಂದು, ನಿರ್ಮಿತವಾದ ಕಾವ್ಯವನ್ನು ಅರಿತು ಆಸ್ವಾದಿಸುವ ಭಾವಯಿತ್ರಿ ಇನ್ನೊಂದು ಎಂದು ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ವಿಭಾಗಿಸಿದನು. ಸಂಸ್ಕೃತ ಪಾಠಶಾಲೆಯಲ್ಲಿ ಕುಳಿತು ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ಈ ವಿಭಾಗವು ಪರಿಚಿತವೇ. ವಿಶ್ವವಿದ್ಯಾಲಯದ ತರಗತಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ವ್ಯವಸ್ಥೆ. ಕಥೆಗಾರನು ಕಥೆ ಬರೆಯುವನು, ವಿಮರ್ಶಕನು ಅದರ ಗುಣದೋಷಗಳನ್ನು ಹೇಳುವನು. ಒಬ್ಬನ ಹೊಲದಲ್ಲಿ ಇನ್ನೊಬ್ಬನು ನೇಗಿಲು ಹೂಡುವಂತಿಲ್ಲ. ಈ ಬದುವನ್ನು ಒಡೆದು ಬರೆಯುವ ಲೇಖಕಿಯೊಬ್ಬರ ಕೃತಿಗಳನ್ನು ಓದುಗರಿಗೆ ಪರಿಚಯಿಸುವುದು, ಪರಿಚಯಿಸಿ ಅವುಗಳ ಬಲಾಬಲವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಅವರ ಹೆಸರು ಸಯ್ದಿಯಾ ಹಾರ್ಟ್‌ಮನ್. ಅಮೆರಿಕದ ಕಪ್ಪು ಜನಾಂಗದಲ್ಲಿ ಹುಟ್ಟಿ, ನ್ಯೂಯಾರ್ಕ್ ನಗರದಲ್ಲಿ ಬೆಳೆದು, ಯೇಲ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ‘ಸೀನ್ಸ್ ಆಫ್ ಸಬ್ಜೆಕ್ಷನ್’ (1997), ‘ಲೂಸ್ ಯುವರ್ ಮದರ್’ (2007), ‘ವೇವರ್ಡ್ ಲೈವ್ಸ್, ಬ್ಯೂಟಿಫುಲ್ ಎಕ್ಸ್‌ಪೆರಿಮೆಂಟ್ಸ್’ (2019) ಎಂಬ ಮೂರು ಗ್ರಂಥಗಳೂ, 2008ರಲ್ಲಿ ಪ್ರಕಟವಾದ ‘ವೀನಸ್ ಇನ್ ಟೂ ಆಕ್ಟ್ಸ್’ ಎಂಬ ಪ್ರಬಂಧವೂ ಅವರ ಕೀರ್ತಿಗೆ ಆಧಾರ. ಮೂರನೆಯ ಗ್ರಂಥಕ್ಕೆ ಅಮೆರಿಕದ ರಾಷ್ಟ್ರೀಯ ಗ್ರಂಥವಿಮರ್ಶಕರ ಮಂಡಳಿಯು 2019ನೆಯ ಸಾಲಿನ ಬಹುಮಾನವನ್ನಿತ್ತಿತು. ಕಾದಂಬರಿಯಂತೆ ಓದಿಸಿಕೊಂಡು ಹೋಗುವ ಆ ಗ್ರಂಥಕ್ಕೆ ಬಹುಮಾನ ಬಂದುದು ಕಥಾಸಾಹಿತ್ಯದ ವಿಭಾಗದಲ್ಲಲ್ಲ, ವಿಮರ್ಶೆಯ ವಿಭಾಗದಲ್ಲಿ. ಬಹುಮಾನವನ್ನು ನೋಡಿ ಗ್ರಂಥಕ್ಕೆ ಬೆಲೆ ಕಟ್ಟಬಾರದು. ಆದರೂ ಬಲ್ಲವರು ಇದನ್ನು ವಿಮರ್ಶೆಯೆಂದೇ ಕರೆದರೆಂಬ ಸಂಗತಿ ಗಮನಾರ್ಹ.

ಇಂಥ ಬೆರಕೆಯ ಬರವಣಿಗೆ ಏತಕ್ಕೆ ಬೇಕಾಯಿತು? ಕೇವಲ ಹೊಸತನದ ಚಪಲವೆ? ಅಲ್ಲ. ಹಾರ್ಟ್‌ಮನ್ ಅವರು ಎತ್ತಿಕೊಂಡ ವಸ್ತುವೇ ಅವರನ್ನು ಈ ಕವಲಿಗೆ ತಂದು ನಿಲ್ಲಿಸಿತು. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಆಫ್ರಿಕದ ಕರಾವಳಿಯಲ್ಲಿ ಗುಲಾಮರೆಂದು ಹಡಗು ಹತ್ತಿಸಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಿದ ಜನರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷವೆಂದು ಇತಿಹಾಸಜ್ಞರ ಅಂದಾಜು. ದಡ ಕಾಣದೆ ದಾರಿಯಲ್ಲಿಯೇ ಸತ್ತವರು ಹದಿನೆಂಟು ಲಕ್ಷಕ್ಕೆ ಸಮೀಪ. ಈ ವ್ಯಾಪಾರದ ದಾಖಲೆಗಳಿಗೆ ಕೊರತೆಯಿಲ್ಲ. ಹಡಗಿನ ದಿನಚರಿಗಳಿವೆ, ಲೆಕ್ಕದ ಪುಸ್ತಕಗಳಿವೆ, ವಿಮೆಯ ಪತ್ರಗಳಿವೆ, ನ್ಯಾಯಾಲಯದ ನಡಾವಳಿಗಳಿವೆ. ಎಲ್ಲವೂ ಮಾರಿದವನೂ ಕೊಂಡವನೂ ಬರೆದವುಗಳೇ. ಮಾರಾಟಕ್ಕೊಳಗಾದವರ ಮಾತು ಅಲ್ಲಿ ಅಪರೂಪ. ಹೆಂಗಸರದಂತೂ ಇನ್ನೂ ಅಪರೂಪ. ಆ ಸಾಗರಯಾನವನ್ನು ದಾಟಿ ಬದುಕುಳಿದ ಹೆಣ್ಣೊಬ್ಬಳು ತನ್ನ ಕಥೆಯನ್ನು ತಾನೇ ಹೇಳಿಕೊಂಡ ಆತ್ಮಕಥನ ಒಂದೂ ಉಳಿದಿಲ್ಲವೆಂದು ಹಾರ್ಟ್‌ಮನ್ ಹೇಳುತ್ತಾರೆ. ನಮ್ಮ ದಾನಶಾಸನಗಳಲ್ಲಿಯೂ ಭೂಮಿ ಕೊಟ್ಟವನ ಹೆಸರು ಕಲ್ಲಿನ ಮೇಲೆ ನಿಂತಿರುತ್ತದೆ, ಆ ಭೂಮಿಯನ್ನು ಉತ್ತವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಇಲ್ಲಿಯ ಮಾತು ಅದಕ್ಕಿಂತ ಘೋರವಾದುದು. ಕಡತದಲ್ಲಿ ಆ ಹೆಣ್ಣು ಇದ್ದಾಳೆ, ಬೆಲೆಯಾಗಿ ಇದ್ದಾಳೆ, ರೋಗವಾಗಿ ಇದ್ದಾಳೆ, ಹೆಣವಾಗಿ ಇದ್ದಾಳೆ. ಮನುಷ್ಯಳಾಗಿ ಮಾತ್ರ ಇಲ್ಲ.

ಹೀಗಿರುವಾಗ ಬರೆಯುವವರ ಕರ್ತವ್ಯವೇನು? ದಾಖಲೆಯಲ್ಲಿರುವುದನ್ನಷ್ಟೇ ಬರೆದರೆ ಮಾರಿದವನ ಕಣ್ಣಿನಿಂದಲೇ ಅವಳನ್ನು ಮತ್ತೊಮ್ಮೆ ನೋಡಿದಂತಾಯಿತು. ಇಲ್ಲದುದನ್ನು ಕಲ್ಪಿಸಿ ಬರೆದರೆ ಸತ್ಯಕ್ಕೆ ಅಪಚಾರ. ಸುಮ್ಮನಿದ್ದರೆ ಅವಳು ಎರಡನೆಯ ಸಲ ಮುಳುಗಿದಳು. ಈ ಇಕ್ಕಟ್ಟಿನಲ್ಲಿ ಹಾರ್ಟ್‌ಮನ್ ಅವರು ಹಿಡಿದ ದಾರಿಗೆ ಅವರೇ ಇಟ್ಟ ಹೆಸರು ‘ಕ್ರಿಟಿಕಲ್ ಫ್ಯಾಬ್ಯುಲೇಷನ್’. ವಿಮರ್ಶಾಪೂರ್ವಕವಾದ ಕಥಾಕಲ್ಪನೆ ಎಂದು ನಾವು ಕನ್ನಡಿಸಬಹುದು. ದಾಖಲೆಯ ಅಂಚಿನವರೆಗೆ ನಡೆದುಹೋಗಿ, ಅದರ ಆಚೆಗೆ ಹೀಗಿದ್ದಿರಬಹುದು ಎಂದು ಊಹಿಸುವುದು, ಊಹಿಸುತ್ತಿರುವಾಗಲೇ ಈ ಊಹೆಗೆ ನನಗೆ ಅಧಿಕಾರವುಂಟೆ ಎಂದು ತನ್ನನ್ನು ತಾನೇ ತಡೆದು ಕೇಳಿಕೊಳ್ಳುವುದು, ಈ ಎರಡೂ ಸೇರಿದ ಕ್ರಮ ಅದು. ಇವುಗಳಲ್ಲಿ ಎರಡನೆಯದೇ ಅವರ ನಿಜವಾದ ಸಾಧನೆಯೆಂಬುದು ನಮ್ಮ ಅಭಿಪ್ರಾಯ. ಕಲ್ಪಿಸುವ ಶಕ್ತಿ ಅನೇಕರಿಗುಂಟು. ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವರು ವಿರಳ.

ಈ ಸಂಯಮವು ಅವರ ಮೊದಲನೆಯ ಗ್ರಂಥದ ಮೊದಲ ಪುಟಗಳಲ್ಲಿಯೇ ಕಾಣುವುದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಮಹಾವಾಗ್ಮಿಯಾಗಿ ಬೆಳೆದ ಫ್ರೆಡರಿಕ್ ಡಗ್ಲಸ್‌ನು 1845ರ ತನ್ನ ಆತ್ಮಕಥೆಯಲ್ಲಿ, ತನ್ನ ಚಿಕ್ಕಮ್ಮನನ್ನು ಒಡೆಯನು ಥಳಿಸಿದ ಪ್ರಸಂಗವನ್ನು ವರ್ಣಿಸಿದ್ದಾನೆ. ಗುಲಾಮಗಿರಿಯ ಕ್ರೌರ್ಯವನ್ನು ಹೇಳಹೊರಟವರು ಆ ಭಾಗವನ್ನು ಉದ್ಧರಿಸುವುದು ವಾಡಿಕೆ. ಹಾರ್ಟ್‌ಮನ್ ಅದನ್ನು ಉದ್ಧರಿಸಲು ನಿರಾಕರಿಸುತ್ತಾರೆ. ಇಂಥ ವರ್ಣನೆಗಳು ಮತ್ತೆ ಮತ್ತೆ ಕಣ್ಮುಂದೆ ಬಂದಾಗ ಓದುಗನ ಮನಸ್ಸು ಮರಗಟ್ಟುತ್ತದೆ, ಕೆಲವೊಮ್ಮೆ ಮರುಕದ ಹೆಸರಿನಲ್ಲಿ ಕುತೂಹಲವು ತಣಿಯುತ್ತದೆ, ನೊಂದವಳ ಮೈಯೇ ಮತ್ತೊಮ್ಮೆ ಪ್ರದರ್ಶನಕ್ಕೆ ಬಂದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಕರುಣರಸವು ಹೇಗೆ ನಿಷ್ಪನ್ನವಾಗುವುದೆಂದು ಚರ್ಚಿಸುವ ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದಂತೆ ತೋರದು. ನೋಡುವವನಿಗೆ ರಸವಾಗುವುದು ಸರಿ, ನೋಡಲ್ಪಡುವವಳಿಗೆ ಏನಾಗುವುದು?

ಎರಡನೆಯ ಗ್ರಂಥವು ಪ್ರವಾಸಕಥನದ ರೂಪದಲ್ಲಿದೆ. ಸಂಶೋಧನೆ ಮಾಡುತ್ತಿದ್ದಾಗ ಗುಲಾಮರ ಹೇಳಿಕೆಗಳ ಸಂಪುಟವೊಂದರಲ್ಲಿ ಲೇಖಕಿಗೆ ತಮ್ಮ ತಾಯಿಯ ಕಡೆಯ ಮುತ್ತಜ್ಜಿಯ ತಾಯಿಯ ಪ್ರಸ್ತಾಪ ಸಿಕ್ಕಿತು. ಗುಲಾಮಳಾಗಿದ್ದ ದಿನಗಳ ನೆನಪೇನು ಎಂಬ ಪ್ರಶ್ನೆಗೆ ಆ ವೃದ್ಧೆ ಏನೇನೂ ಇಲ್ಲವೆಂದು ಉತ್ತರಿಸಿದ್ದಳು. ಕೆಲವು ವರ್ಷಗಳ ಅನಂತರ ಲೇಖಕಿ ಮರಳಿ ಹುಡುಕಿದಾಗ ಆ ಪುಟವೇ ಸಿಗಲಿಲ್ಲ. ಇದ್ದ ಒಂದು ಮಾತೂ ಇಲ್ಲವೆಂಬ ಮಾತು, ಕಡೆಗೆ ಅದೂ ಕೈತಪ್ಪಿತು. ಅವರು ಗುಲಾಮರ ಹಾದಿಯನ್ನು ಅರಸಿ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋದರು. ಅಲ್ಲಿ ಬಂಧುಗಳು ದೊರೆಯಲಿಲ್ಲ. ಎಲ್ಮಿನಾ ಎಂಬ ಕರಾವಳಿಯ ಊರಿನ ಮಕ್ಕಳು ಅವರನ್ನು ‘ಒಬ್ರುನಿ’, ಎಂದರೆ ಪರದೇಶಿ, ಎಂದು ಕರೆದರು. ಮೂಲವನ್ನು ಹುಡುಕಿ ಹೋದವರಿಗೆ ಮೂಲವು ಸಿಕ್ಕಿಯೇ ಸಿಗುವುದೆಂಬ ಸುಲಭದ ಸಮಾಧಾನವನ್ನು ಈ ಗ್ರಂಥವು ಕೊಡುವುದಿಲ್ಲ.

ಈ ಗ್ರಂಥದ ‘ಸತ್ತವರ ಪುಸ್ತಕ’ ಎಂಬರ್ಥದ ಅಧ್ಯಾಯವನ್ನು ನಾವು ಬಹುಮುಖ್ಯವೆಂದು ಎಣಿಸುತ್ತೇವೆ. ಬ್ರಿಸ್ಟಲ್ ಬಂದರಿನ ‘ರಿಕವರಿ’ ಎಂಬ ಹಡಗು 1791ರಲ್ಲಿ ಆಫ್ರಿಕದಿಂದ ಗುಲಾಮರನ್ನು ಹೊತ್ತು ವೆಸ್ಟ್ ಇಂಡೀಸಿನತ್ತ ಹೊರಟಿತ್ತು. ಅದರ ಕಪ್ತಾನ ಜಾನ್ ಕಿಂಬರ್. ಹಡಗಿನ ಅಟ್ಟದ ಮೇಲೆ ಕುಣಿಯಲೊಲ್ಲದ ಒಬ್ಬ ಹುಡುಗಿ ಅವನು ಕೊಟ್ಟ ಶಿಕ್ಷೆಯಿಂದ ಸತ್ತಳೆಂದು 1792ರ ಏಪ್ರಿಲ್ 2ರಂದು ವಿಲಿಯಂ ವಿಲ್ಬರ್‌ಫೋರ್ಸ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆಪಾದಿಸಿದನು. ಶಿಕ್ಷೆಯ ವಿವರಗಳನ್ನು ನಾವು ಇಲ್ಲಿ ಬರೆಯುವುದಿಲ್ಲ. ಲೇಖಕಿಯಿಂದ ಕಲಿತ ಪಾಠವನ್ನು ಅವರ ಕೃತಿಯನ್ನು ಕುರಿತು ಬರೆಯುವಾಗಲಾದರೂ ಪಾಲಿಸುವುದು ಯುಕ್ತ. ಅದೇ ವರ್ಷ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ವಿಚಾರಣೆ ನಡೆದು ಕಪ್ತಾನನು ನಿರ್ದೋಷಿಯೆಂದು ಬಿಡುಗಡೆಯಾದನು. ಹಾರ್ಟ್‌ಮನ್ ಈ ಪ್ರಸಂಗವನ್ನು ಕಪ್ತಾನನ ದೃಷ್ಟಿಯಿಂದ, ಹಡಗಿನ ವೈದ್ಯನ ದೃಷ್ಟಿಯಿಂದ, ಅಧಿಕಾರಿಯೊಬ್ಬನ ದೃಷ್ಟಿಯಿಂದ, ವಿಲ್ಬರ್‌ಫೋರ್ಸನ ದೃಷ್ಟಿಯಿಂದ ಬೇರೆ ಬೇರೆಯಾಗಿ ಹೇಳುತ್ತಾರೆ. ಒಬ್ಬನಿಗೆ ಅವಳು ಹಠಮಾರಿ ಸರಕು, ಇನ್ನೊಬ್ಬನಿಗೆ ರೋಗಿ, ಮತ್ತೊಬ್ಬನಿಗೆ ತನ್ನ ಧರ್ಮಯುದ್ಧಕ್ಕೆ ಒದಗಿದ ಹುತಾತ್ಮೆ. ವಿಲ್ಬರ್‌ಫೋರ್ಸನ ಉದ್ದೇಶ ಪವಿತ್ರವಾದುದು, ಅದರಲ್ಲಿ ಸಂದೇಹವಿಲ್ಲ. ಆದರೂ ಅವನ ಭಾಷಣದಲ್ಲಿಯೂ ಆ ಹುಡುಗಿಗೆ ತನ್ನದೆಂಬ ಮಾತಿಲ್ಲ. ಕಥೆಯನ್ನು ಹೀಗೆ ಹಲವು ಬಾಯಿಗಳಿಂದ ಹೇಳಿಸುವುದೇ ಇಲ್ಲಿ ವಿಮರ್ಶೆಯ ಕೆಲಸವನ್ನು ಮಾಡುತ್ತದೆ. ಪ್ರತಿಯೊಂದು ಸಾಕ್ಷ್ಯದ ಹಿಂದಿರುವ ಸ್ವಾರ್ಥವು ಯಾವ ವ್ಯಾಖ್ಯಾನವೂ ಇಲ್ಲದೆ ಬಯಲಾಗುತ್ತದೆ.

ಅದೇ ವಿಚಾರಣೆಯಲ್ಲಿ ಎರಡನೆಯ ಹುಡುಗಿಯೊಬ್ಬಳ ಸಾವಿನ ಆಪಾದನೆಯೂ ಇತ್ತು. ಅವಳಿಗೆ ಹಡಗಿನವರು ಇಟ್ಟ ಹೆಸರು ವೀನಸ್. ಪ್ರೇಮದೇವತೆಯ ಹೆಸರನ್ನು ಗುಲಾಮಳಿಗೆ ಇಡುವುದರಲ್ಲಿಯೇ ಅಪಹಾಸ್ಯವುಂಟು. ನಡಾವಳಿಯಲ್ಲಿ ಅವಳನ್ನು ಒಂದೆರಡು ಮಾತಿನಲ್ಲಿ ಮುಗಿಸಿದ್ದಾರೆ. ‘ಲೂಸ್ ಯುವರ್ ಮದರ್’ ಬರೆಯುವಾಗ ಹಾರ್ಟ್‌ಮನ್ ಇವಳ ಕಥೆಯನ್ನು ಬಿಟ್ಟಿದ್ದರು. ಏಕೆ ಬಿಟ್ಟೆನೆಂದು ವಿಚಾರಿಸಲು ಮುಂದಿನ ವರ್ಷ ಬರೆದ ಪ್ರಬಂಧವೇ ‘ವೀನಸ್ ಇನ್ ಟೂ ಆಕ್ಟ್ಸ್’. ಆ ಹಡಗಿನಲ್ಲಿ ಇಬ್ಬರು ಹುಡುಗಿಯರು ಒಬ್ಬರಿಗೊಬ್ಬರು ಗೆಳತಿಯರಾಗಿದ್ದಿರಬಹುದು, ಸಾಯುತ್ತಿದ್ದವಳ ಬಳಿ ಇನ್ನೊಬ್ಬಳು ಕುಳಿತು ಸಂತೈಸಿರಬಹುದು ಎಂದು ಕಲ್ಪಿಸುವ ಆಸೆ ತಮಗೆ ಉಂಟಾಯಿತೆಂದು ಅವರು ಹೇಳುತ್ತಾರೆ. ಹಾಗೆ ಬರೆದಿದ್ದರೆ ಮನಮುಟ್ಟುವ ಕಥೆಯಾಗುತ್ತಿತ್ತು. ಆದರೆ ಆ ಸಾಂತ್ವನ ಯಾರಿಗೆ? ಸತ್ತವರಿಗಲ್ಲ, ಬರೆಯುವವರಿಗೆ, ಓದುವವರಿಗೆ. ಆದ್ದರಿಂದ ಕಥೆಯನ್ನು ತೋರಿಸಿ, ಅದನ್ನು ಪೂರ್ಣಗೊಳಿಸದೆ ಹಿಂದೆಗೆಯುತ್ತಾರೆ. ಹದಿನಾಲ್ಕು ಪುಟಗಳ ಈ ಪ್ರಬಂಧದಲ್ಲಿ ಕಥೆಯು ಹುಟ್ಟುವುದನ್ನೂ ಕಥೆಗಾರ್ತಿಯು ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುವುದನ್ನೂ ಓದುಗನು ಒಟ್ಟಿಗೆ ಕಾಣುವನು. ಕಾರಯಿತ್ರಿಯೂ ಭಾವಯಿತ್ರಿಯೂ ಒಂದೇ ವಾಕ್ಯದೊಳಗೆ ಜಗಳವಾಡುವ ಇಂಥ ಬರವಣಿಗೆಯನ್ನು ನಾವು ಬೇರೆಡೆ ಹೆಚ್ಚಾಗಿ ಕಂಡಿಲ್ಲ.

‘ಶೂನ್ಯಸಂಪಾದನೆ’ಯನ್ನು ಬಲ್ಲ ನಮ್ಮ ಓದುಗರು ಇಲ್ಲಿ ಒಂದು ಮಾತನ್ನು ಎತ್ತಬಹುದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿ ವಚನಗಳನ್ನು ಗದ್ಯದ ಎಳೆಯಲ್ಲಿ ಪೋಣಿಸಿ ಸಂವಾದವಾಗಿ ಕಟ್ಟಲಿಲ್ಲವೆ, ಅದೂ ಕಥನವೂ ವ್ಯಾಖ್ಯಾನವೂ ಬೆರೆತ ರಚನೆಯಲ್ಲವೆ ಎಂದು. ಹೌದು, ಅನುಮಾನವಿಲ್ಲ. ಆದರೆ ಎರಡಕ್ಕೂ ಇರುವ ಅಂತರವೇ ಹೆಚ್ಚು ಬೋಧಪ್ರದ. ಅಲ್ಲಿ ಸಂಪಾದಕನ ಕೈಯಲ್ಲಿ ಮಾತುಗಳಿದ್ದವು. ಅವು ಯಾವ ಸಂದರ್ಭದಲ್ಲಿ ಹೊರಟವೆಂಬುದನ್ನು ಅವನು ಕಲ್ಪಿಸಿದನು. ಇಲ್ಲಿ ಸಂದರ್ಭವು ಹಡಗಿನ ಹೆಸರು, ತಾರೀಖು ಸಮೇತ ದಾಖಲಾಗಿದೆ. ಮಾತು ಮಾತ್ರ ಇಲ್ಲ. ಮಾತಿದ್ದವರಿಗೆ ಸಂದರ್ಭವನ್ನು ಒದಗಿಸುವುದು ಒಂದು ಧೈರ್ಯ. ಮಾತೇ ಇಲ್ಲದವರ ಬಾಯಲ್ಲಿ ಮಾತನ್ನಿಡುವುದು ಅದಕ್ಕಿಂತ ಬಹಳ ದೊಡ್ಡ ಹೊಣೆ.

ಈ ಹೊಣೆಯು ಮೂರನೆಯ ಗ್ರಂಥದಲ್ಲಿ ಏನಾಯಿತೆಂಬುದೇ ಈಗ ವಿಚಾರಾರ್ಹ. ‘ವೇವರ್ಡ್ ಲೈವ್ಸ್’ ಗ್ರಂಥದ ಕಾಲ 1890ರ ದಶಕದಿಂದ ಮುಂದಿನ ನಾಲ್ಕು ದಶಕಗಳು. ಸ್ಥಳ ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್. ಗುಲಾಮಗಿರಿಯು ಕಾನೂನಿನಲ್ಲಿ ಮುಗಿದಿತ್ತು. ದಕ್ಷಿಣದ ರಾಜ್ಯಗಳಿಂದ ಕಪ್ಪು ಜನಾಂಗದ ತರುಣಿಯರು ಈ ನಗರಗಳಿಗೆ ಬಂದರು. ಅವರಿಗೆ ದೊರೆತುದು ಬಿಳಿಯರ ಮನೆಗಳಲ್ಲಿ ಮುಸುರೆ ತಿಕ್ಕುವ, ಬಟ್ಟೆ ಒಗೆಯುವ ಕೆಲಸ. ಅದನ್ನು ಒಲ್ಲದೆ, ತಮಗೆ ಬೇಕಾದ ಉಡುಪನ್ನು ಉಟ್ಟು, ಬೇಕಾದವರ ಜೊತೆ ಬಾಳಿ, ರಾತ್ರಿ ಬೀದಿಯಲ್ಲಿ ನಡೆದ ಹುಡುಗಿಯರನ್ನು ಕಾನೂನು ದಾರಿತಪ್ಪಿದವರೆಂದು ಹೆಸರಿಸಿತು. ಎಸ್ತರ್ ಬ್ರೌನ್ ಎಂಬವಳನ್ನು 1917ರಲ್ಲಿ ಹಾರ್ಲೆಮ್ ಬಡಾವಣೆಯಲ್ಲಿ ಬಂಧಿಸಿದರು. ಹಿಂದೆ ಅಪರಾಧ ಮಾಡಿದವಳಲ್ಲ. ಆದರೂ ಬೆಡ್‌ಫರ್ಡ್ ಹಿಲ್ಸ್‌ನಲ್ಲಿದ್ದ ಸ್ತ್ರೀಯರ ಸುಧಾರಣಾಲಯಕ್ಕೆ ಕಳುಹಿಸಲ್ಪಟ್ಟಳು. ಅಲ್ಲಿಯ ಸೆರೆವಾಸದ ಅವಧಿ ಮೂರು ವರ್ಷಗಳವರೆಗೆ ಇರಬಹುದಾಗಿತ್ತು. ಮಾಡಿದ ತಪ್ಪಿಗಲ್ಲ, ಮುಂದೆ ಮಾಡಬಹುದೆಂಬ ಶಂಕೆಗೆ ಶಿಕ್ಷೆ.

ನಮ್ಮ ಓದುಗರಲ್ಲಿ ಕೆಲವರಿಗೆ ಇಲ್ಲಿ ಸಂಕೋಚವಾಗಬಹುದು. ಗೃಹಸ್ಥಧರ್ಮದ ಮರ್ಯಾದೆಯನ್ನು ಮೀರಿ ಬಾಳಿದವರ ಬದುಕನ್ನು ಲೇಖಕಿಯು ಸುಂದರವಾದ ಪ್ರಯೋಗವೆಂದು ಕರೆಯುತ್ತಾರೆ. ಮಠದ ಪತ್ರಿಕೆಯಲ್ಲಿ ಇದಕ್ಕೆ ಸ್ಥಳವುಂಟೆ ಎಂದು ಅವರು ಕೇಳಬಹುದು. ಲೇಖಕಿಯ ಎಲ್ಲ ಮೆಚ್ಚುಗೆಗಳಿಗೂ ನಾವು ಸಹಿ ಹಾಕಬೇಕಾಗಿಲ್ಲ. ಅವರು ಸ್ವಾತಂತ್ರ್ಯವೆಂದು ಕಂಡ ಕೆಲವು ಕಡೆ ನಮಗೆ ಬರಿಯ ನಿರ್ಗತಿ ಕಾಣಿಸುತ್ತದೆ, ಆಯ್ಕೆಯೆಂದು ಕೊಂಡಾಡಿದ ಕಡೆ ಹಸಿವು ಕಾಣಿಸುತ್ತದೆ. ಆದರೆ ಗ್ರಂಥದ ಮೂಲಪ್ರಶ್ನೆ ಅದಲ್ಲ. ಇವಳು ದಾರಿತಪ್ಪಿದವಳು ಎಂಬ ಪದವನ್ನು ಕಡತದ ಮೇಲೆ ಬರೆದವನು ಯಾರು, ದಾರಿಯನ್ನು ಹಾಕಿದವನು ಯಾರು ಎಂಬುದು ಪ್ರಶ್ನೆ. ಈ ಪ್ರಶ್ನೆಯಿಂದ ತಮ್ಮ ಜನಾಂಗದ ಮಹಾಪುರುಷರನ್ನೂ ಹಾರ್ಟ್‌ಮನ್ ಬಿಟ್ಟಿಲ್ಲ. ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರು ಫಿಲಡೆಲ್ಫಿಯಾದ ಏಳನೆಯ ವಾರ್ಡಿನಲ್ಲಿ ಮನೆಮನೆಗೂ ನಡೆದು ಸಮೀಕ್ಷೆ ಮಾಡಿ 1899ರಲ್ಲಿ ಪ್ರಕಟಿಸಿದ ಗ್ರಂಥವು ಸಮಾಜಶಾಸ್ತ್ರದಲ್ಲಿ ಮೈಲಿಗಲ್ಲು. ಹಾರ್ಟ್‌ಮನ್ ಅವರನ್ನೇ ಕಥೆಯೊಳಗಿನ ಪಾತ್ರವಾಗಿಸಿ ಆ ಬೀದಿಗಳಲ್ಲಿ ನಡೆಸುತ್ತಾರೆ. ಸಹಾನುಭೂತಿಯುಳ್ಳ ಆ ವಿದ್ವಾಂಸನಿಗೂ ಹುಡುಗಿಯರು ಪರಿಹರಿಸಬೇಕಾದ ಸಮಸ್ಯೆಯಾಗಿ ಕಂಡರೇ ಹೊರತು, ಏನನ್ನೋ ಬಯಸುವ ಜೀವಗಳಾಗಿ ಕಾಣಲಿಲ್ಲವೆಂಬುದು ಆ ನಡೆಯಲ್ಲಿಯೇ ತಿಳಿಯುತ್ತದೆ. ವಿಮರ್ಶಾಲೇಖನದಲ್ಲಿ ಇದನ್ನು ಹೇಳಿದ್ದರೆ ಡು ಬಾಯ್ಸ್ ಅವರಿಗೆ ಅನ್ಯಾಯವಾದಂತೆ ತೋರುತ್ತಿತ್ತು. ಕಥೆಯಲ್ಲಿ ಅವರ ಶ್ರಮವೂ ಒಂಟಿತನವೂ ಜೊತೆಗೇ ಕಾಣುವುದರಿಂದ ನ್ಯಾಯವು ಉಳಿದಿದೆ.

ಹೀಗಿದ್ದರೂ ಈ ಗ್ರಂಥದ ವಿಧಾನದಲ್ಲಿ ನಮಗೆ ಒಂದು ತೊಡಕು ಕಾಣುವುದು. ಓರೆಯಕ್ಷರಗಳಲ್ಲಿ ಅಚ್ಚಾದ ಮಾತುಗಳು ಮೇಳದ ನುಡಿಗಳೆಂದು ಲೇಖಕಿಯು ಆರಂಭದಲ್ಲಿಯೇ ಸೂಚಿಸಿದ್ದಾರೆ. ಗ್ರೀಕ್ ನಾಟಕದಲ್ಲಿ ಬರುವಂಥ ಮೇಳ. ಅವುಗಳಲ್ಲಿ ಹಲವು ಕಡತಗಳಿಂದ ಬಂದವು, ಮೂಲವನ್ನು ಕೊನೆಯ ಟಿಪ್ಪಣಿಗಳಲ್ಲಿ ಹುಡುಕಬೇಕು. ಆದರೆ ಓದುವ ಓಘದಲ್ಲಿ ದಾಖಲೆಯ ಮಾತಾವುದು, ಲೇಖಕಿಯ ಊಹೆಯಾವುದು ಎಂಬ ಹೊಲಿಗೆಯು ಕಣ್ಣಿಗೆ ಬೀಳುವುದಿಲ್ಲ. ‘ವೀನಸ್’ ಪ್ರಬಂಧದಲ್ಲಿ ಆ ಹೊಲಿಗೆಯೇ ಎದ್ದು ಕಾಣುತ್ತಿತ್ತು, ಅದೇ ಅದರ ಪ್ರಾಮಾಣಿಕತೆಯಾಗಿತ್ತು. ಎಸ್ತರಳ ಮನಸ್ಸಿನಲ್ಲಿ ಏನು ಹಾದುಹೋಯಿತೆಂಬುದನ್ನು ಸುಧಾರಣಾಲಯದ ಅಧಿಕಾರಿಯೂ ಬಲ್ಲೆನೆಂದು ಬರೆದನು, ಲೇಖಕಿಯೂ ಬಲ್ಲೆನೆಂಬಂತೆ ಬರೆಯುತ್ತಾರೆ. ಅವನದು ತಿರಸ್ಕಾರ, ಇವರದು ವಾತ್ಸಲ್ಯ, ವ್ಯತ್ಯಾಸವು ಅಲ್ಪವಲ್ಲ. ಆದರೂ ಎರಡು ಕಡೆಯೂ ಮಾತಾಡಿದವಳು ಎಸ್ತರಳಲ್ಲ. ಇತಿಹಾಸವನ್ನು ಕಟ್ಟುನಿಟ್ಟಾಗಿ ಅಭ್ಯಸಿಸಿದವರಿಗೆ ಈ ಗ್ರಂಥ ಕಸಿವಿಸಿಯುಂಟುಮಾಡಿದರೆ ಅದು ಮಡಿವಂತಿಕೆಯಲ್ಲ.

ಇದಕ್ಕೆ ಪ್ರತಿಯಾಗಿ ಗ್ರಂಥವು ಮೇಲೇಳುವ ಸ್ಥಳಗಳೂ ಇವೆ. ಸುಧಾರಣಾಲಯದ ಕಡತಗಳಲ್ಲಿ ಪತ್ರಗಳು ಸಿಕ್ಕಿವೆ, ಅಧಿಕಾರಿಗಳು ತಡೆಹಿಡಿದು ಫೈಲಿಗೆ ಸೇರಿಸಿದ ಪತ್ರಗಳು. ಅವುಗಳ ಬಳಿ ಬಂದಾಗ ಲೇಖಕಿಯ ಕಲ್ಪನೆಯು ತಾನಾಗಿ ತಗ್ಗುತ್ತದೆ. ಇರುವ ಮಾತಿಗೆ ಕಿವಿಗೊಟ್ಟರೆ ಸಾಕೆಂಬ ವಿನಯ ಬರುತ್ತದೆ. 1919ರ ಡಿಸೆಂಬರ್‌ನಲ್ಲಿ ಅಲ್ಲಿಯ ಲೋವೆಲ್ ಕಾಟೇಜಿನ ಹೆಂಗಸರು ಕೂಗಿ, ಕಿರುಚಿ, ಹಾಡಿ, ಕೈಗೆ ಸಿಕ್ಕಿದುದನ್ನು ಬಡಿದು ಎಬ್ಬಿಸಿದ ಗದ್ದಲದ ಪ್ರಸಂಗವೂ ಅಂಥದೇ. ಪತ್ರಿಕೆಗಳು ಅದನ್ನು ಕರ್ಕಶಧ್ವನಿಯೆಂದು ವರದಿಮಾಡಿದ್ದವು. ಹಾರ್ಟ್‌ಮನ್ ಆ ವರದಿಗಳನ್ನೇ ಹಿಡಿದು, ಸೆರೆಯಾಳುಗಳು ತಮ್ಮತಮ್ಮೊಳಗೆ ಮಾಡಿಕೊಂಡ ಮೇಳಗಾನವನ್ನು ಅದರೊಳಗಿಂದ ಕೇಳಿಸುತ್ತಾರೆ. ಯಾರ ಬಾಯಲ್ಲಿಯೂ ಇಲ್ಲದ ಮಾತನ್ನು ಇಡಬೇಕಾದ ಪ್ರಮೇಯವೇ ಅಲ್ಲಿಲ್ಲ, ಧ್ವನಿಯೇ ದಾಖಲಾಗಿದೆ.

ಚಿತ್ರಕಾರ ಥಾಮಸ್ ಈಕಿನ್ಸ್ 1882ರಲ್ಲಿ ಫಿಲಡೆಲ್ಫಿಯಾದಲ್ಲಿ ತೆಗೆದ ಒಂದು ಛಾಯಾಚಿತ್ರದ ಪ್ರಕರಣವನ್ನು ಇಲ್ಲಿಯೇ ಹೇಳಬೇಕು. ಹೆಸರು ತಿಳಿಯದ ಕಪ್ಪು ಬಾಲಕಿಯೊಬ್ಬಳನ್ನು ವಿವಸ್ತ್ರಳಾಗಿ ಮಂಚದ ಮೇಲೆ ಒರಗಿಸಿ ತೆಗೆದ ಚಿತ್ರ ಅದು. ಹಾರ್ಟ್‌ಮನ್ ಅದನ್ನು ಗ್ರಂಥದಿಂದ ಹೊರಗಿಡದೆ, ಅದರ ಮೇಲೆ ತಮ್ಮ ಅಕ್ಷರಗಳನ್ನು ಹೊದಿಸಿದ್ದಾರೆ. ಓದುಗನ ಕಣ್ಣು ಚಿತ್ರವನ್ನು ಹುಡುಕಿದರೆ ಅಕ್ಷರ ಅಡ್ಡ ಬರುತ್ತದೆ. ಡಗ್ಲಸ್‌ನ ಚಿಕ್ಕಮ್ಮನ ಪ್ರಸಂಗವನ್ನು ಉದ್ಧರಿಸಲೊಲ್ಲದ 1997ರ ಲೇಖಕಿಯು ಚಿತ್ರವನ್ನೇ ಬಿಟ್ಟುಬಿಡುತ್ತಿದ್ದರೇನೋ. ಹೊದಿಸುವುದು ಬಿಡುವುದಕ್ಕಿಂತ ಮೇಲೋ ಕೀಳೋ ಎಂಬುದರಲ್ಲಿ ನಮಗೆ ಬಿಡುವುದೇ ಮೇಲೆಂದು ತೋರುತ್ತದೆ. ಮಗುವಿನ ಮೈಗೆ ಅಕ್ಷರವು ಸಾಕಷ್ಟು ದಪ್ಪವಾದ ಬಟ್ಟೆಯಲ್ಲ.

ಇದೆಲ್ಲ ದೂರದೇಶದ ಸಂಗತಿಯೆಂದು ಯಾರೂ ಭಾವಿಸಬೇಕಾಗಿಲ್ಲ. ಆಫ್ರಿಕದಿಂದ ಜನರನ್ನು ಹೊತ್ತ ಹಡಗುಗಳು ಪೂರ್ವದ ಸಮುದ್ರದಲ್ಲಿಯೂ ಸಂಚರಿಸಿದುವು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಕಾಡು ಸೇರಿದವರ ಸಂತತಿಯೆಂದು ಹೇಳಲಾಗುವ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಡೆ ಇಂದಿಗೂ ನೆಲೆಸಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರ ಹಾಡು, ಕುಣಿತಗಳನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆ ಮೊದಲ ಹಡಗಿನಿಂದಿಳಿದ ಹೆಂಗಸರ ಹೆಸರುಗಳನ್ನು ಮುಂದೆ ಯಾರಾದರೂ ಕನ್ನಡದಲ್ಲಿ ಬರೆಯಹೊರಟರೆ ಅವರ ಎದುರಿಗೂ ಇದೇ ಪ್ರಶ್ನೆ ನಿಲ್ಲುವುದು. ಆಗ ‘ವೇವರ್ಡ್ ಲೈವ್ಸ್’ಗಿಂತ ‘ವೀನಸ್’ ಅವರಿಗೆ ಹೆಚ್ಚು ಒದಗೀತು.

ಇಂಗ್ಲಿಷ್ ಬಲ್ಲ ಹಳೆಯ ವಿದ್ಯಾರ್ಥಿಗಳು ಈ ಕೃತಿಗಳನ್ನು ಓದುವುದಾದರೆ ಪ್ರಸಿದ್ಧಿಯ ಕ್ರಮದಲ್ಲಿ ಓದದಿರಲಿ. ಮೊದಲು ‘ಲೂಸ್ ಯುವರ್ ಮದರ್’ ಗ್ರಂಥದ ‘ಸತ್ತವರ ಪುಸ್ತಕ’ದ ಅಧ್ಯಾಯ, ಅನಂತರ ‘ವೀನಸ್’ ಪ್ರಬಂಧ, ಆಮೇಲೆ ‘ವೇವರ್ಡ್ ಲೈವ್ಸ್’. ಆ ಕೊನೆಯದನ್ನು ಓದುವಾಗ ಹಿಂಬದಿಯ ಟಿಪ್ಪಣಿಗಳಲ್ಲಿ ಒಂದು ಬೆರಳನ್ನು ಇಟ್ಟುಕೊಂಡೇ ಓದಬೇಕು, ಪ್ರತಿಯೊಂದು ಓರೆಯಕ್ಷರದ ಸಾಲಿಗೂ ಒಮ್ಮೆ ಹಿಂದಕ್ಕೆ ಹೋಗಿ ಬರಬೇಕು. ನಿಧಾನವಾಗುವುದು, ಆಗಲಿ.